ಲೆದರ್ ಗ್ಲೌಸ್ ವಿಜಯಪುರದ ಬಿಸಲಾಗ ಎಷ್ಟ್ ವರ್ಷ ತಾಳ್ತಾವ?

ಬೈಕ್ ಹೊಡಿಯುವಾಗ ಹಾಕ್ಕೊಳ್ಳೋ ಲೆದರ್ ಗ್ಲೌಸ್ ಎಷ್ಟ್ ವರ್ಷ ಬರ್ತಾವ, ಇಷ್ಟ್ ಬಿಸಲಾಗ ಅವಕ್ಕ ರೊಕ್ಕ ಹಾಕೋದು ಬರೊಬ್ಬರಿ ಐತೇನು ಅಂತ ಕೇಳೀರಿ. ನಂದು ಆಡಿನ ಚರ್ಮದ ಜೋಡಿ, ಗಿಣ್ಣಿನ ಮ್ಯಾಲ ಗಟ್ಟಿ ಪ್ಲಾಸ್ಟಿಕ್ ಇರೋದು, 6 ವರ್ಷ ಆತು, ಇನ್ನೂ ಹಾಕ್ಕೊಳ್ತೀನಿ. ವಾರಕ್ಕೊಮ್ಮೆ ವಿಜಯಪುರದಿಂದ ಬಾಗಲಕೋಟೆಗೆ ಹೋಗಿ ಬರೋದು, ಬರುವಾಗ ಕೊಲ್ಹಾರದಾಗ ಮೊಸರಿಗೆ ನಿಲ್ಲೋದು, ಅಷ್ಟ ನನ್ನ ರೈಡಿಂಗು.

ಹೊಸಾದಿದ್ದಾಗ ಬೆರಳು ಮಡಚಾಕ ಬರ್ತಿದ್ದಿಲ್ಲ, ಕ್ಲಚ್ ಹಿಡಿಯೋದ ಒಂದು ಸರ್ಕಸ್ಸು. ಅಂಗಡ್ಯಾಂವ ಒಂದು ಸೈಜ್ ದೊಡ್ಡದು ಒಯ್ರಿ ಅಂದಿದ್ದ, ನಾ ಕೇಳಲಿಲ್ಲ, ಪುಣ್ಯಾ. ಚರ್ಮ ತಿಂಗಳೊಪ್ಪತ್ತಿನಾಗ ಕೈಗೆ ತಾನ ಕೂಡ್ತೈತಿ, ಸಡ್ಲಿದ್ರ ಬಿದ್ದಾಗ ಕೈಬಿಟ್ಟು ಹಾರಿ ಹೋಗ್ತೈತಿ.

ಬಿದ್ದೀನಿ ಅದಕ್ಕ ಹೇಳಾಕತ್ತೀನಿ. 3ನೇ ವರ್ಷ, ಡಿಸೆಂಬರ್ ಮುಂಜಾನೆ, ಬೀಳಗಿ ಕ್ರಾಸ್ ಹತ್ರ ಯಾವುದೋ ಡಬಲ್ ಟ್ರಾಲಿ ಕಬ್ಬು ಸುರುವಿಕೊಂತ ಹೋಗಿತ್ತು, ಅದರ ಮ್ಯಾಲ ಮುಂದಿನ ಗಾಲಿ ಹತ್ತಿ ಗಾಡಿ ಜಾರ್ತು, ಮನಷ್ಯಾ ಬೀಳುವಾಗ ಮೊದಲ ಅಂಗೈ ಊರತಾನಲ್ರಿ, ನಾನೂ ಊರಿದೆ. ಬಲಗೈ ಗ್ಲೌಸಿನ ಮ್ಯಾಗಿನ ನುಣುಪು ಕಿತ್ತು ನಾರು ಕಂಡ್ವು, ನನ್ನ ಕೈಗೆ ಒಂದು ಗೆರಿ ಬಿದ್ದಿಲ್ಲ. ಮೊಣಕಾಲಿನ ಕಥಿ ಕೇಳಬ್ಯಾಡ್ರಿ, ಅಲ್ಲಿ ಬರೇ ಜೀನ್ಸ್ ಇತ್ತು.

ಬಿಸಲಿಗಿಂತ ಬೆವರ ಇದರ ವೈರಿ. ಮೇದಾಗ 40 ಡಿಗ್ರಿ ದಾಟಿದಾಗ ಬೆವರಿನ ಉಪ್ಪು ಒಳಗ ಕೂತು ಚರ್ಮ ಹಪ್ಪಳ ಆಗ್ತೈತಿ, ಒಳಗಿನ ಬಟ್ಟಿ ಬೆರಳಿಗೆ ಅಂಟಿ ಹೊರಗ ಬರ್ತೈತಿ, ಆಮ್ಯಾಲ ಪೆಟ್ರೋಲ್ ಬಂಕಿನಾಗ ನಿಂತು ಅದನ್ನ ತುರುಕೋದು, ಹಿಂದಿನಾವ್ರು ಹಾರ್ನ್ ಹೊಡೆಯೋದು. ಈಗ ಒಳಗ ತೆಳ್ಳನ್ನ ಕಾಟನ್ ಗ್ಲೌಸ್ ಹಾಕ್ಕೊಳ್ತೀನಿ, ಅದನ್ನ ಒಗಿಯಾಕ ಬರ್ತೈತಿ. ಚರ್ಮದ್ದನ್ನ ಹಸಿ ಬಟ್ಟಿಲೆ ಒರಸಿ ನೆರಳಾಗ ಒಣಗಸ್ತೀನಿ. ಒಮ್ಮೆ ಮಳ್ಯಾಗ ತೋಯ್ದಾಗ ಬಿಸಿ ಇಂಜಿನ್ ಮ್ಯಾಲ ಇಟ್ಟು ಹೆಬ್ಬೆರಳು ಸೆಟದು ಹೋತು, ಅದಕ್ಕ ಕೊಬ್ರಿ ಎಣ್ಣಿ ತಿಕ್ಕಿ ಕಪಾಟಿನಾಗ ಇಟ್ರ ಬೂಸು ಬಂತು, ಎರಡೂ ನನ್ನ ಶ್ಯಾಣ್ಯಾತನ. ಲೆದರ್ ಕಂಡೀಷನರ್, ಅಂದ್ರ ಚರ್ಮ ಮೆತ್ತಗಿಡೋ ಕ್ರೀಮು, ವರ್ಷಕ್ಕ ಎರಡು ಸಲ, ಬೆರಳತುದಿಯಷ್ಟು, ಸಾಕು.

ಹೋಗಿದ್ದು ಹೊಲಿಗಿ. 4ನೇ ವರ್ಷ ತೋರಬೆರಳಿನ ಸಂದಿ ಬಿಚ್ಚಿತು, ಚರ್ಮ ಗಟ್ಟೇ ಇತ್ತು, ದಾರ ಸತ್ತಿತ್ತು. ಅಥಣಿಗೆ ಮದವಿಗೆ ಹೋದಾಗ ಚಪ್ಪಲಿ ಹೊಲಿಯೋ ಹಿರ್ಯಾರೊಬ್ಬರಿಗೆ ತೋರಿಸಿದೆ. (ಆ ಚಪ್ಪಲಿ ಹೆಸರು ಕೊಲ್ಹಾಪುರಿ ಅಂತ, ಹೊಲಿಯೋ ಕೈ ನಮ್ಮವೂ ಬಾಳ ಅದಾವ, ಇಂಥಾ ಕಡೀದ ಮಾಲು ಅಂತ ಕೊಡೋ 2019ರ ಜಿಐ ಟ್ಯಾಗಿನಾಗ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ನಾಕೂ ಸೇರ್ಯಾವ.) ಅವರು ಮೂಸಿ ನೋಡಿ, ಇದು ಕೆಮಿಕಲ್ ಹದ, ನಮ್ಮದು ಜಾಲಿ ತೊಗಟಿ, ಅಳಲೆಕಾಯಿ ಹದ ಅಂದ್ರು. ದಪ್ಪ ಸೂಜಿ ಬದಿಗಿಟ್ಟು ಸಣ್ಣದು ತಗೊಂಡು ಹಳೇ ತೂತಿನಾಗ ದಾರ ಹಾಕಿದ್ರು, ಹೊಸಾ ತೂತು ಹೊಡದ್ರ ಕ್ಯಾಲೆಂಡರ್ ಹಾಳಿ ಹರದಂಗ ಹರೀತೈತಿ ಅಂತ. 60 ರೂಪಾಯಿ. ಆ ಸಂದಿ ಮತ್ತ ಬಿಚ್ಚಿಲ್ಲ.

ಅದಕ್ಕ ತಗೊಳ್ಳುವಾಗ ಬೆರಳ ಸಂದಿ, ಅಂಗೈ ಹೊಲಿಗಿ ಎಳೆದು ನೋಡ್ರಿ, ಒಳಗಿನ ಚೀಟಿಮ್ಯಾಲ ಇಎನ್ 13594 ಅಂತ ಐತೇನು ನೋಡ್ರಿ, ಅದು ಬೈಕ್ ಗ್ಲೌಸಿಂದ ಸ್ಟ್ಯಾಂಡರ್ಡು. ಬಿದ್ದಾಗಿಂದ ನನ್ನ ಬಲಗೈದು ತೆಳ್ಳಗ ಆಗೇತಿ, ಈ ಸಲ ಹೈವೇಕ್ಕ ಹೊಸಾ ಜೋಡಿ ತಗೊಳ್ಳಾಂವ, ಇವು ಊರಾಗ ಕಾಯಿಪಲ್ಯಾ ತರಾಕ ಇರ್ಲಿ.