ಜೋಗದ ಅಳತೆಯಲ್ಲಿ ನಾಚಿ

ಪತ್ರ: ಮಗನ ಮನೆಗೆಂದು ಒಸಾಕಾಕ್ಕೆ ಹೋಗಿದ್ದಾಗ ವಕಾಯಾಮಾ ಪ್ರಾಂತ್ಯದ ನಾಚಿ ಜಲಪಾತವನ್ನು ನೋಡಿ ಬಂದೆವು. ಎತ್ತರ 133 ಮೀಟರ್. ನಮ್ಮ ಜೋಗ 253 ಮೀಟರ್! ಆದರೂ ಅಲ್ಲಿ ನೀರಿಗೆ ಕೈಮುಗಿಯುವವರ ಸಾಲು, ಧಾರೆಯ ನೆತ್ತಿಗೆ ಕಟ್ಟಿದ ಹಗ್ಗ, ಸನ್ಯಾಸಿ, ದೇವತೆ ಎಂದು ಮುಗಿಯದ ಕಥೆಗಳು. ವಿಜ್ಞಾನದಲ್ಲಿ ಅಷ್ಟು ಮುಂದುವರಿದ ದೇಶದವರು ನಿಸರ್ಗವನ್ನು ನಿಸರ್ಗವೆಂದೇ ನೋಡಬಾರದೇ?
— ಒಬ್ಬ ಓದುಗರು, ಸಾಗರ

ಉತ್ತರ: ಸಾಗರದವರು ಜೋಗದ ಪಕ್ಷ ವಹಿಸದೆ ಇನ್ಯಾರು ವಹಿಸಬೇಕು? ನಿಮ್ಮ ಅಭಿಮಾನಕ್ಕೆ ನಮಸ್ಕಾರ. ಕಥೆಗಳ ಬಗ್ಗೆ ನಿಮಗಿರುವ ಅನುಮಾನವೂ ಪೂರ್ತಿ ತಪ್ಪಲ್ಲ. ನಾಚಿಯ ಬೆಟ್ಟ ಇಳಿದು ಕಡಲ ಹತ್ತಿರ ಬಂದರೆ ಫುದರಾಕುಸಾನ್‌ಜಿ ಎಂಬ ಬೌದ್ಧ ದೇವಾಲಯವಿದೆ. ಕರುಣೆಯ ಬೋಧಿಸತ್ತ್ವ ಅವಲೋಕಿತೇಶ್ವರನ ಪೊತಲಕ ಲೋಕ ದಕ್ಷಿಣದ ಕಡಲಾಚೆ ಇದೆಯೆಂದು ನಂಬಿದ ಭಿಕ್ಷುಗಳು ಅಲ್ಲಿಂದ ಮೊಳೆ ಹೊಡೆದು ಮುಚ್ಚಿದ ದೋಣಿಗಳಲ್ಲಿ ಹೊರಟುಹೋಗುತ್ತಿದ್ದರು. 16ನೆಯ ಶತಮಾನದಲ್ಲಿ ಕೊಂಕೋಬೋ ಎಂಬ ಭಿಕ್ಷು ಜೀವದಾಸೆಯಿಂದ ದೋಣಿ ಬಿಟ್ಟು ಹೊರಬಂದನಂತೆ; ಜೊತೆಗಿದ್ದವರೇ ಅವನನ್ನು ನೀರಿಗೆ ನೂಕಿದರಂತೆ. ಕಥೆ ಕೊಲ್ಲುವುದೂ ಉಂಟು, ಒಪ್ಪಿದೆ. ಇನ್ನು ನನ್ನ ಮಾತು ಕೇಳಿ.

ಜಲಪಾತದ ಬುಡದಲ್ಲಿ ನೀವು ನೋಡಿದ ಹಿರೋ ಗುಡಿಯಲ್ಲಿ ಗರ್ಭಗುಡಿ ಎಲ್ಲಿತ್ತು ಎಂದು ಯೋಚಿಸಿದಿರಾ? ಇಲ್ಲ, ಇರುವುದೇ ಇಲ್ಲ. ಬೀಳುವ ನೀರೇ ಅಲ್ಲಿ ದೇವರು. ನಿಮಗೆ ವಿಚಿತ್ರವೆನಿಸಿದ ಆ ಹಗ್ಗ ಪವಿತ್ರ ಸ್ಥಳದ ಗಡಿಯ ಗುರುತು. ಜುಲೈ ಮತ್ತು ಡಿಸೆಂಬರಿನಲ್ಲಿ ಪುರೋಹಿತರು ಬಂಡೆಯ ಅಂಚಿಗೆ ಹೋಗಿ ಅದನ್ನು ಬದಲಿಸುತ್ತಾರೆ. ಜುಲೈ 14ರಂದು ಹನ್ನೆರಡು ದೊಡ್ಡ ಪಂಜುಗಳನ್ನು ಹೊತ್ತು ಉತ್ಸವ ನಡೆಸುತ್ತಾರೆ. ಪಕ್ಕದ ಸೇಗಾಂತೋಜಿ ದೇವಾಲಯದ ಮೂಲಪುರುಷ ರಾಗ್ಯೋ ಎಂಬವನು ಭಾರತದಿಂದ ಬಂದು, ನಾಚಿ ಸೇರಿರುವ ಕುಮಾನೊ ಸೀಮೆಯ ಕರಾವಳಿಗೆ ತೇಲಿಬಿದ್ದ ಸನ್ಯಾಸಿ ಎಂಬ ಐತಿಹ್ಯವೂ ಇದೆ. ನಮ್ಮ ಕಡೆಯವನೊಬ್ಬ ಅಲ್ಲಿ ನೆಲೆನಿಂತ ಕಥೆಯನ್ನು ನೀವು ಗಮನಿಸದೆ ಬಂದಿರಲ್ಲ!

ಮೊಂಗಾಕುವಿನ ಕಥೆಯನ್ನಾದರೂ ಕೇಳಿದಿರಾ? ಎಂಡೋ ಮೊರಿತೋ ಎಂಬ ಯೋಧ ಪರರ ಹೆಂಡತಿ ಕೆಸಾಳಿಗೆ ಮರುಳಾಗಿ ಬೆದರಿಕೆಗೆ ಇಳಿದ. ಆಕೆ ಉಪಾಯ ಹೇಳಿಕೊಟ್ಟಳು: ರಾತ್ರಿ ಬಾ, ಕತ್ತಲಲ್ಲಿ ತಡವಿ ನೋಡು, ಒದ್ದೆ ಕೂದಲಿರುವುದು ನನ್ನ ಗಂಡನ ತಲೆ. ಬಂದ, ಕತ್ತರಿಸಿದ, ಹೊರಗೆ ಬೆಳಕಿಗೆ ಹಿಡಿದ. ಕೈಯಲ್ಲಿದ್ದುದು ಕೆಸಾಳ ಮುಖ. ಅವನು ಮೊಂಗಾಕು ಎಂಬ ಹೆಸರಿನ ಭಿಕ್ಷುವಾಗಿ ಕೊರೆಯುವ ಚಳಿಗಾಲದಲ್ಲಿ ನಾಚಿಯ ಧಾರೆಯಡಿ ನಿಂತ. ಪ್ರಾಣ ಹೋಗುವ ಹೊತ್ತಿಗೆ ಫುದೋ ದೇವತೆಯ ಇಬ್ಬರು ಬಾಲಪರಿಚಾರಕರು ಇಳಿದು ಬಂದು ಎತ್ತಿಕೊಂಡರು. ಈ ಫುದೋ ಭಾರತದಿಂದ ಹೋದ ಬೌದ್ಧ ದೇವತೆ ಅಚಲನೇ. ಮೊಂಗಾಕು ಬರೀ ಕಟ್ಟುಕಥೆಯವನಲ್ಲ, 12ನೆಯ ಶತಮಾನದ ರಾಜಕೀಯದಲ್ಲಿ ಕೈಯಾಡಿಸಿದವನು. ದೇವಬಾಲಕರನ್ನು ನೀವು ನಂಬಬೇಕಾಗಿಲ್ಲ, ನಾನೂ ನಂಬುವುದಿಲ್ಲ. ಆದರೆ ಇಷ್ಟು ಕೇಳಿದ ಮೇಲೆ ಆ ನೀರಿನ ಎದುರು ನಿಂತವನಿಗೆ ಮೀಟರಿನ ಲೆಕ್ಕ ನೆನಪಾದೀತೇ?

ವಿಜ್ಞಾನದ ಹೆಸರು ತೆಗೆದವರು ನೀವೇ ಆದ್ದರಿಂದ ಮಿನಾಕಾತಾ ಕುಮಾಗುಸು ಅವರ ಪರಿಚಯ ಮಾಡಿಕೊಡುತ್ತೇನೆ. ಲಂಡನ್ನಿನಲ್ಲಿ ವರ್ಷಗಟ್ಟಲೆ ಓದಿ, ‘ನೇಚರ್’ ಪತ್ರಿಕೆಗೆ ಬರೆದು, 1900ರಲ್ಲಿ ಊರಿಗೆ ಮರಳಿದ ಜೀವವಿಜ್ಞಾನಿ. 1901ರಿಂದ 1904ರವರೆಗೆ ಇದೇ ನಾಚಿಯ ಕಾಡಿನಲ್ಲಿ ಅಣಬೆ, ಪಾಚಿ, ಕೊಳೆತ ಮರದ ಮೇಲೆ ಹಬ್ಬುವ ಲೋಳೆಯಂಥ ಜೀವಿಗಳನ್ನು ಹುಡುಕುತ್ತಾ ಅಲೆದರು. 1906ರಲ್ಲಿ ಸರ್ಕಾರ ಸಣ್ಣ ಗುಡಿಗಳನ್ನೆಲ್ಲ ದೊಡ್ಡ ಗುಡಿಗಳಲ್ಲಿ ವಿಲೀನಗೊಳಿಸಲು ಹೊರಟಿತು. ಗುಡಿ ಹೋದರೆ ಅದರ ಬನದ ಮರಗಳು ಮಾರಾಟಕ್ಕೆ. ಮರ ಹೋದರೆ ಅಡಿಯಲ್ಲಿನ ಜೀವಲೋಕವೂ ಮುಗಿಯಿತು. ಕುಮಾಗುಸು ಪತ್ರಿಕೆಗಳಲ್ಲಿ ಬೆಂಕಿ ಕಾರಿದರು. 1910ರಲ್ಲಿ ತಾನಾಬೆ ಪಟ್ಟಣದ ಒಂದು ಸಭೆಗೆ ನುಗ್ಗಿ ಗಲಾಟೆ ಮಾಡಿ 18 ದಿನ ಬಂಧನದಲ್ಲಿದ್ದರು. ಆ ಸೀಮೆಯ ಎಷ್ಟೋ ಬನಗಳು ಹೋದವು. ಕುಮಾನೊ ಯಾತ್ರಾಮಾರ್ಗದ ಕೆಲವು ಮುದಿ ಸುಗಿ (ಜಪಾನಿನ ಸೂಚಿಪರ್ಣಿ) ಮರಗಳು ಅವರ ಹಟದಿಂದ ಉಳಿದು ಇಂದಿಗೂ ನಿಂತಿವೆ. 1929ರಲ್ಲಿ ಚಕ್ರವರ್ತಿಯೇ ಅವರಿಂದ ಪಾಠ ಕೇಳಿದಾಗ ಈ ಮಹಾಶಯರು ತಮ್ಮ ಮಾದರಿಗಳನ್ನು ಕ್ಯಾರಮೆಲ್ ಮಿಠಾಯಿಯ ಖಾಲಿ ಡಬ್ಬಿಗಳಲ್ಲಿ ತುಂಬಿ ಕೊಟ್ಟರು! ಗುಡಿಯ ಪರವಾಗಿ ಜೈಲು ಕಂಡವರು ಸೂಕ್ಷ್ಮದರ್ಶಕ ಹಿಡಿದವರು. ಕೊಡಲಿ ಕೊಟ್ಟವರು ಸುಧಾರಣೆಯ ಮಾತಾಡುತ್ತಿದ್ದ ಅಧಿಕಾರಿಗಳು. ನೀವು ಯಾರ ಸಾಲಿನಲ್ಲಿ ನಿಲ್ಲುತ್ತೀರಿ?

ನಮ್ಮಲ್ಲೂ ಇದರ ಸಾಕ್ಷಿ ಇದೆ. ಶಿಶಿಲದ ಹೊಳೆಯ ಮೀನು ಬಾಣಲೆ ಸೇರದೆ ಉಳಿದಿರುವುದು ಅದು ದೇವರ ಮೀನು ಎಂಬ ಮಾತಿನಿಂದ. ಕೊಡಗಿನ ದೇವರಕಾಡುಗಳ ಕಥೆಯೂ ಅದೇ. ಆದರೆ ಈಗ ಯಾವುದಾದರೂ ಜಲಪಾತದ ಮುಂದಿನ ಫಲಕ ಓದಿ ನೋಡಿ: ಎತ್ತರ ಇಷ್ಟು, ಊರಿನಿಂದ ದೂರ ಇಷ್ಟು, ಪಾರ್ಕಿಂಗ್ ಶುಲ್ಕ ಇಷ್ಟು. ಆ ನೀರಿಗೆ ಯಾರು ಏನು ಹರಕೆ ಹೊತ್ತಿದ್ದರು, ಯಾವ ಮಡುವಿಗೆ ಇಳಿಯಬಾರದೆಂದು ಹಿರಿಯರು ಏಕೆ ಹೆದರಿಸುತ್ತಿದ್ದರು, ಒಂದಕ್ಷರವೂ ಇಲ್ಲ. ಅಜ್ಜಿಯ ಭೂತವನ್ನು ಓಡಿಸಿದ್ದೇ ದೊಡ್ಡ ವೈಚಾರಿಕತೆ ಎಂದುಕೊಂಡೆವು. ಖಾಲಿಯಾದ ಜಾಗಕ್ಕೆ ಬಿಯರ್ ಬಾಟಲಿ ಬಂತು, ಸೆಲ್ಫಿ ಬಂತು, ಪ್ರತಿ ಮಳೆಗಾಲದಲ್ಲೂ ಜಾರಿ ಬಿದ್ದವರ ಸುದ್ದಿ ನಮ್ಮ ಮೇಜಿಗೆ ಬರುತ್ತದೆ. ಭೂತಕ್ಕೆ ಹೆದರಿದವರು ಆ ಬಂಡೆಯ ಹತ್ತಿರ ಹೋಗುತ್ತಿರಲಿಲ್ಲ. ವಿಚಾರವಂತರೆಲ್ಲ ಸೇರಿ ಕಟ್ಟಿದ ಕಬ್ಬಿಣದ ಬೇಲಿಯನ್ನು ಮಾತ್ರ ಹುಡುಗರು ಒಂದೇ ನೆಗೆತಕ್ಕೆ ದಾಟುತ್ತಾರೆ.

ನಿಮ್ಮ ಮೇಲೆ ಸಿಟ್ಟಿಲ್ಲ. ಅಷ್ಟು ದೂರ ಹೋಗಿಯೂ ಶರಾವತಿಯನ್ನು ನೆನೆದವರು ನೀವು. ಅದಕ್ಕೇ ಒಂದು ಕೆಲಸ ಹಚ್ಚುತ್ತಿದ್ದೇನೆ. ನಿಮ್ಮ ಸುತ್ತಿನ ಹಳ್ಳಿಗಳ ಹಿರಿಯರಲ್ಲಿ ಆ ಹೊಳೆಯ ಬಗ್ಗೆ ಕಥೆ ಬಲ್ಲವರು ಯಾರಿದ್ದಾರೆ ಎಂದು ವಿಚಾರಿಸಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದು ಕಳುಹಿಸಿ. ಎರಡು ಪುಟ ಮೀರದಿದ್ದರೆ ಮುಂದಿನ ಸಂಚಿಕೆಗಳಲ್ಲೊಂದರಲ್ಲಿ ಅಚ್ಚು ಹಾಕುತ್ತೇನೆ.