ಹಿರಿಯ ಮಗಳನ್ನು ಮನೆಯಿಂದ ಕಳಿಸಬೇಡಿ

ಮುಧೋಳ ತಾಲ್ಲೂಕಿನ ಹಳ್ಳಿಯೊಂದರಿಂದ ಓದುಗರೊಬ್ಬರು ಬರೆದಿದ್ದಾರೆ:

‘ನನ್ನ ಹೆಂಡತಿಗೆ ಎರಡನೆಯ ಹೆರಿಗೆ, ದಿನ ತುಂಬುತ್ತ ಬಂದಿದೆ. ಚೊಚ್ಚಲ ಹೆರಿಗೆ ವಿಜಯಪುರದ ತವರಿನಲ್ಲಾಯಿತು. ರಾತ್ರಿಯಿಡೀ ನೋವು ತಿಂದು ಮರುದಿನ ಮಧ್ಯಾಹ್ನ ಹೆತ್ತಳು. ಈ ಸಲ ನಮ್ಮಲ್ಲೇ. ಮಗಳಿಗೆ ನಾಲ್ಕು ವರ್ಷ. ಬಾಣಂತನ ಮುಗಿಯುವವರೆಗೆ ಅವಳನ್ನು ಜಮಖಂಡಿಯ ಸೋದರತ್ತೆಯ ಮನೆಗೆ ಕಳಿಸು ಎಂದು ಅವ್ವ ಹೇಳುತ್ತಾಳೆ, ಹೆಂಡತಿ ಒಪ್ಪುತ್ತಿಲ್ಲ. ಕಬ್ಬಿನ ಹಂಗಾಮು, ಕಾರ್ಖಾನೆಯಲ್ಲಿ ನನಗೆ ರಾತ್ರಿ ಪಾಳಿ. ನೋವು ಶುರುವಾಗಿ ಫೋನ್ ಬಂದರೆ ಪಾಳಿ ಮುಗಿಸಿಯೇ ಬರಬಹುದು ಎಂದುಕೊಂಡಿದ್ದೇನೆ. ಮಗಳು ತನ್ನ ಹಳೆಯ ಕುಂಚಿಗೆಯನ್ನು ಗೊಂಬೆಗೆ ತೊಡಿಸಿಕೊಂಡು, ಪಾಪು ಬಂದ ಮೇಲೆ ನಾನು ಎಲ್ಲಿ ಮಲಗಲಿ ಎಂದು ದಿನಾ ಕೇಳುತ್ತಾಳೆ. ಏನು ಹೇಳಬೇಕೋ ತಿಳಿಯದು. ಅವಳನ್ನು ಕಳಿಸುವುದು ಸರಿಯೇ?’

ಸಂಪಾದಕರ ಉತ್ತರ:

ಕಳಿಸಬೇಡಿ. ನಿಮ್ಮ ಹೆಂಡತಿಯ ಮಾತೇ ಸರಿ.

ನಿಮ್ಮ ತಾಯಿಯವರ ಮೇಲೆ ನನಗೆ ಅಸಮಾಧಾನವಿಲ್ಲ. ಬಾಣಂತಿಯ ಎಣ್ಣೆ-ನೀರು, ಕೂಸಿನ ಸ್ನಾನ, ಬಂದುಹೋಗುವವರ ಉಪಚಾರ ಎಲ್ಲವೂ ಅವರ ಹೆಗಲಿಗೇ ಬೀಳುತ್ತದೆ. ಅದರ ನಡುವೆ ನಾಲ್ಕು ವರ್ಷದ ಮಗುವಿನ ಹಟವನ್ನೂ ಸಂಭಾಳಿಸುವುದು ಹೇಗೆ ಎಂಬ ಆತಂಕ ಅವರದು. ಆದರೆ ಮಗಳ ಕಡೆಯಿಂದ ಒಮ್ಮೆ ನೋಡಿ. ಅವ್ವನ ಹೊಟ್ಟೆ ದೊಡ್ಡದಾಯಿತು, ಅವ್ವ ಎತ್ತಿಕೊಳ್ಳುವುದನ್ನು ಬಿಟ್ಟಳು, ಒಂದು ದಿನ ತನ್ನ ಬಟ್ಟೆ ಚೀಲಕ್ಕೆ ತುಂಬಿ ಬೇರೆ ಊರಿಗೆ ಕಳಿಸಿದರು, ತಿಂಗಳಾನುಗಟ್ಟಲೆ ಕಳೆದು ಮರಳಿದರೆ ಅವ್ವನ ಮಗ್ಗುಲಲ್ಲಿ ಬೇರೊಂದು ಕೂಸು. ಪಾಪು ಬಂದಿದ್ದಕ್ಕೇ ತನ್ನನ್ನು ಹೊರಹಾಕಿದರು ಎಂದು ಆ ಮಗು ಲೆಕ್ಕ ಹಾಕಿದರೆ ಅದರಲ್ಲಿ ತಪ್ಪೇನಿದೆ? ನಾಲ್ಕು ವರ್ಷದ ಬುದ್ಧಿಗೆ ಇನ್ನಾವ ಅರ್ಥ ಹೊಳೆಯಬೇಕು?

ಎಲ್ಲಿ ಮಲಗಲಿ ಎಂಬ ಅವಳ ಪ್ರಶ್ನೆಯನ್ನು ನೀವು ಪತ್ರದ ಕೊನೆಗೆ ಬರೆದಿದ್ದೀರಿ. ನನಗೆ ಅದೇ ಮೊದಲನೆಯದು. ಅದಕ್ಕೆ ಇಂದೇ ಉತ್ತರ ಕೊಡಿ, ಮಾತಿನಿಂದಲ್ಲ, ಹಾಸಿಗೆಯಿಂದ. ಹೆರಿಗೆಯಾದ ಮೇಲೆ ಅವಳು ನಿಮ್ಮ ಪಕ್ಕದಲ್ಲೋ ಅಜ್ಜಿಯ ಪಕ್ಕದಲ್ಲೋ ಮಲಗುವುದಾದರೆ ಆ ಜಾಗಕ್ಕೆ ಈಗಲೇ ಬದಲಾಯಿಸಿ. ಅವಳದೇ ಒಂದು ಕೌದಿ ಇರಲಿ. ಅವ್ವ ಅದೇ ಕೋಣೆಯಲ್ಲಿ, ಕಣ್ಣಿಗೆ ಕಾಣುವಂತಿರಲಿ. ಕೂಸು ಬಂದ ದಿನವೇ ಜಾಗ ಕಳೆದುಕೊಂಡರೆ ಅದು ಕೂಸು ಕಸಿದುಕೊಂಡ ಜಾಗವಾಗುತ್ತದೆ. ಮುಂಚೆಯೇ ಬದಲಾದರೆ ಅದು ಅವಳ ಹೊಸ ಜಾಗ.

ಇನ್ನೊಂದು ವಿಷಯ. ನಿಮ್ಮ ಪತ್ರದಲ್ಲಿ ಇದಿಲ್ಲ, ಆದರೆ ನಮ್ಮ ಕಡೆ ಇದು ನಡೆಯದ ಮನೆ ಅಪರೂಪ. ಬಸುರಿಯ ಮನೆಗೆ ಬಂದವರೆಲ್ಲ ಹಿರಿಯ ಮಗುವನ್ನು ಹತ್ತಿರ ಕರೆದು, ‘ತಮ್ಮ ಬರುತ್ತಾನೋ, ತಂಗಿ ಬರುತ್ತಾಳೋ, ಹೇಳು’ ಎಂದು ಕೇಳುತ್ತಾರೆ. ಮಗುವಿನ ಬಾಯಿಂದ ಬಂದದ್ದು ನಿಜವಾಗುತ್ತದೆ ಎಂಬ ನಂಬಿಕೆ. ಮಗು ‘ತಮ್ಮ’ ಎಂದರೆ ಬಾಯಿಗೆ ಸಕ್ಕರೆ. ‘ತಂಗಿ’ ಎಂದರೆ ‘ಛೇ, ಸರಿಯಾಗಿ ಹೇಳು’. ಎರಡೇ ದಿನಗಳಲ್ಲಿ ಯಾವ ಉತ್ತರಕ್ಕೆ ಸಕ್ಕರೆ ಸಿಗುತ್ತದೆ ಎಂದು ಹೆಣ್ಣುಮಗು ಕಲಿತುಬಿಡುತ್ತದೆ. ಜೊತೆಗೆ, ತಾನು ಹುಟ್ಟಿದಾಗ ಈ ಮನೆಯಲ್ಲಿ ಏನಾಗಿರಬಹುದು ಎಂಬುದನ್ನೂ ಕಲಿಯುತ್ತದೆ. ಇದನ್ನು ನಿಲ್ಲಿಸುವ ಅಧಿಕಾರ ಮನೆಯಲ್ಲಿ ನಿಮಗಿದೆ. ಬಂದವರು ಬೇಸರ ಮಾಡಿಕೊಂಡರೂ ಚಿಂತೆಯಿಲ್ಲ, ಅವಳೆದುರು ಆ ಪ್ರಶ್ನೆ ಬೇಡ ಎಂದು ನೇರವಾಗಿ ಹೇಳಿ. ಹೆಣ್ಣಾಯಿತೆಂದು ಮುಖ ಸಪ್ಪೆ ಮಾಡಿಕೊಳ್ಳುವವರಿಗೆ ಇದನ್ನೂ ತಿಳಿಸಬಹುದು: ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಈಗ ಎರಡನೆಯ ಮಗು ಹೆಣ್ಣಾದರೆ ಅರ್ಹ ತಾಯಂದಿರಿಗೆ 6,000 ರೂಪಾಯಿ ಸಿಗುತ್ತದೆ. ಅಂಗನವಾಡಿಯಲ್ಲಿ ವಿಚಾರಿಸಿಡಿ.

ಈಗ ನಿಮ್ಮ ಪಾಳಿಯ ಮಾತು. ಚೊಚ್ಚಲ ಹೆರಿಗೆ ಮರುದಿನ ಮಧ್ಯಾಹ್ನದವರೆಗೆ ಎಳೆಯಿತು, ಹಾಗಾಗಿ ಈ ಸಲವೂ ಸಮಯ ಸಿಗುತ್ತದೆ ಎಂಬ ನಿಮ್ಮ ಎಣಿಕೆ ಅಪಾಯದ್ದು. ನೋವು ಒಂದು ಹದಕ್ಕೆ ಬಂದ ಮೇಲೆ ಮೊದಲ ಹೆರಿಗೆಯಲ್ಲಿ ಗರ್ಭಕಂಠ ಪೂರ್ತಿ ತೆರೆಯಲು ಸರಾಸರಿ 8 ತಾಸು ಹಿಡಿದರೆ, ಎರಡನೆಯದರಲ್ಲಿ 5 ತಾಸು. ಕೆಲವರಿಗೆ ಅದಕ್ಕಿಂತಲೂ ಬೇಗ. ಒಮ್ಮೆ ದಾರಿ ಕೊಟ್ಟ ದೇಹ ಎರಡನೆಯ ಸಲ ಅಷ್ಟು ತಡೆಯುವುದಿಲ್ಲ. ‘ಹೊಟ್ಟೆ ಇನ್ನೂ ಕೆಳಗಿಳಿದಿಲ್ಲ, ಇನ್ನೂ ದಿನವಿದೆ’ ಎಂಬ ಓಣಿಯ ಹೆಂಗಸರ ಮಾತನ್ನೂ ನಂಬಿ ಕೂರಬೇಡಿ. ಚೊಚ್ಚಲಲ್ಲಿ ಕೂಸಿನ ತಲೆ ಹಲವು ದಿನ ಮುಂಚೆಯೇ ಕೆಳಗೆ ಕೂರುವುದುಂಟು. ಎರಡನೆಯದರಲ್ಲಿ ಅನೇಕ ಸಲ ನೋವು ಶುರುವಾದ ಮೇಲೆಯೇ ಇಳಿಯುತ್ತದೆ.

ಅದರ ಮೇಲೆ ನಿಮ್ಮ ಊರಿನ ರಸ್ತೆ. ಹಂಗಾಮಿನ ದಿನಗಳಲ್ಲಿ ಮುಧೋಳ, ಜಮಖಂಡಿ ಸುತ್ತಿನ ದಾರಿಗಳು ಹೇಗಿರುತ್ತವೆ ಎಂದು ಕಾರ್ಖಾನೆಯವರಾದ ನಿಮಗೆ ನಾನು ಹೇಳಬೇಕಾಗಿಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟಿರುತ್ತವೆ, ಹಿಂದಿನ ದೀಪವೂ ಇರುವುದಿಲ್ಲ. ಒಂದು ಮಗುಚಿದರೆ ಆ ದಾರಿ ಬಂದ್. ತಾಲ್ಲೂಕು ಆಸ್ಪತ್ರೆಯಿಂದ ಬಾಗಲಕೋಟೆಗೆ ಕಳಿಸಿದರೆ ಲೋಕಾಪುರ ದಾಟಿ ಹೋಗಲು ಒಂದು ತಾಸಿಗೂ ಮೀರುತ್ತದೆ, ಅದೂ ದಾರಿ ತೆರವಿದ್ದರೆ. ಆದ್ದರಿಂದ ನಿರ್ಧಾರ ಈಗಲೇ ಆಗಲಿ. ತಾಯಿ ಕಾರ್ಡ್ ಹಿಡಿದು ಹೋಗಿ ವೈದ್ಯರನ್ನು ಕೇಳಿ: ರಕ್ತದೊತ್ತಡ, ಹಿಮೋಗ್ಲೋಬಿನ್, ಕೂಸಿನ ಮಗ್ಗುಲು ಎಲ್ಲ ಸರಿಯಿದೆಯೇ, ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬಹುದೇ, ಅಥವಾ ಮೊದಲೇ ಬಾಗಲಕೋಟೆಯ ಜಿಲ್ಲಾಸ್ಪತ್ರೆಗೆ ಹೋಗುವುದು ಲೇಸೇ? ಬಾಗಲಕೋಟೆಗೇ ಎಂದಾದರೆ ಕೊನೆಯ ದಿನಗಳನ್ನು ಅಲ್ಲಿನ ನವನಗರದಲ್ಲಿ ನಂಟರಿದ್ದರೆ ಅವರ ಮನೆಯಲ್ಲಿ ಕಳೆಯಿರಿ, ಮಗಳನ್ನೂ ಜೊತೆಗೆ ಕರೆದುಕೊಂಡು.

108ಕ್ಕೆ ಫೋನ್ ಮಾಡಲು ನೋವು ವಿಪರೀತವಾಗಲಿ ಎಂದು ಕಾಯಬೇಡಿ. 2008ರಿಂದ ರಾಜ್ಯದಲ್ಲಿ ಈ ಸೇವೆ ಇದೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಗೆ ಹೋಗುವ, ಅಲ್ಲಿಂದ ಮನೆಗೆ ಮರಳುವ ಸಾರಿಗೆ, ಔಷಧ, ರಕ್ತ, ಶಸ್ತ್ರಚಿಕಿತ್ಸೆ ಯಾವುದಕ್ಕೂ ಹಣ ಕೊಡಬೇಕಾಗಿಲ್ಲ. ಆದರೂ ಊರಿನಲ್ಲಿ ಕಾರು ಇರುವ ಒಬ್ಬರ ಹತ್ತಿರ ಮಾತನಾಡಿಡಿ. ನೋವಿಲ್ಲದೆ ನೀರು ಹೋದರೆ, ರಕ್ತ ಕಂಡರೆ, ಕೂಸಿನ ಮಿಸುಕಾಟ ಕಡಿಮೆಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ ಬೆಳಗಾಗಲಿ ಎನ್ನದೆ ಹೊರಡಿ. ಸುಳ್ಳು ನೋವಾಗಿ ವಾಪಸು ಕಳಿಸಿದರೂ ಅವಮಾನವೇನಿಲ್ಲ.

‘ಎರಡನೆಯದು ತಾನೇ, ಮನೆಯಲ್ಲೇ ಆದೀತು’ ಎನ್ನುವ ಹಿರಿಯರಿಗೆ ನಮ್ಮ ನೆರೆಯ ಜಿಲ್ಲೆಯ ಒಂದು ಸಂಗತಿ ಹೇಳಿ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ವಿದೇಶದ ವೈದ್ಯರ ಜೊತೆ ಸೇರಿ ಆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರ ಹೆರಿಗೆಗಳನ್ನು ಅಧ್ಯಯನ ಮಾಡಿದರು. ಕೂಸು ಹುಟ್ಟಿದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿದವರಲ್ಲಿ ಅತಿ ರಕ್ತಸ್ರಾವ 100ಕ್ಕೆ 12ರಿಂದ ಸುಮಾರು 6ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದು ಪ್ರಕಟವಾದಾಗ ಲೋಕವೇ ನಮ್ಮ ಕಡೆಯ ಹಳ್ಳಿಗಳತ್ತ ನೋಡಿತು. ಅದರಲ್ಲಿ ನಾವು ಗಮನಿಸಬೇಕಾದದ್ದು ಆ 12 ಎಂಬ ಅಂಕಿಯನ್ನು. ಔಷಧವಿಲ್ಲದೆ ಹೆತ್ತ ನೂರು ಹೆಂಗಸರಲ್ಲಿ ಹನ್ನೆರಡು ಮಂದಿಗೆ ಅತಿ ರಕ್ತಸ್ರಾವ! ಕೂಸು ಸಲೀಸಾಗಿ ಹೊರಬಂದಿತು ಎಂದ ಮಾತ್ರಕ್ಕೆ ತಾಯಿ ಗಂಡಾಂತರ ದಾಟಿದಳು ಎಂದಲ್ಲ. ಅದಕ್ಕೇ ಔಷಧ, ಸೂಜಿ, ನರ್ಸ್ ಇರುವ ಕಡೆಯೇ ಹೆರಿಗೆಯಾಗಬೇಕು.

ಇಲ್ಲಿಗೆ ಮತ್ತೆ ಮಗಳ ಮಾತು ಬರುತ್ತದೆ. ನಡುರಾತ್ರಿ ನೀವೆಲ್ಲ ಹೊರಟರೆ ಅವಳ ಹತ್ತಿರ ಯಾರು? ಇದನ್ನು ನಿಶ್ಚಯಿಸದ ಮನೆಗಳಲ್ಲಿ ಗಾಡಿ ಬಾಗಿಲಿಗೆ ಬಂದ ಮೇಲೂ ಅರ್ಧ ತಾಸು ಹಾಳಾಗುತ್ತದೆ. ಅಜ್ಜಿ ಅವಳೊಂದಿಗೆ ಮನೆಯಲ್ಲಿರಲಿ. ಜಮಖಂಡಿಯ ಸೋದರತ್ತೆಯನ್ನು ಈಗಲೇ ಇಲ್ಲಿಗೆ ಕರೆಸಿಕೊಳ್ಳಿ, ಮಗುವನ್ನು ಅಲ್ಲಿಗೆ ಕಳಿಸುವ ಬದಲು. ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬ ಹೆಂಗಸು ಇರಲು ಸರ್ಕಾರಿ ಆಸ್ಪತ್ರೆಗಳಲ್ಲಿ 2016ರಿಂದ ಅನುಮತಿಯಿದೆ. ಹೆತ್ತು ಅನುಭವವಿದ್ದವರಾದರೆ ಆ ಸೋದರತ್ತೆಯೇ ಇರಬಹುದು. ಮಗಳಿಗೆ ಮುಂಚೆಯೇ ತಿಳಿಸಿ: ‘ಒಂದು ದಿನ ನೀನು ಏಳುವಷ್ಟರಲ್ಲಿ ಅವ್ವ ಆಸ್ಪತ್ರೆಗೆ ಹೋಗಿರುತ್ತಾಳೆ. ಅಜ್ಜಿ ಹಾಲು ಕೊಡುತ್ತಾಳೆ. ಆಮೇಲೆ ಅಪ್ಪ ಬಂದು ನಿನ್ನನ್ನು ಕರೆದುಕೊಂಡು ಹೋಗುತ್ತಾನೆ.’ ಅವಳು ನಿದ್ದೆಯಲ್ಲಿರದಿದ್ದರೆ ಕಣ್ಣು ತಪ್ಪಿಸಿ ಹೋಗಬೇಡಿ, ಹೇಳಿಯೇ ಹೋಗಿ. ಅತ್ತರೆ ಅಳಲಿ.

ಚೀಲದ ವಿಷಯ ಹೆಚ್ಚೇನಿಲ್ಲ: ತಾಯಿ ಕಾರ್ಡ್, ಆಧಾರ್, ಬ್ಯಾಂಕ್ ಪುಸ್ತಕ, ತೊಳೆದು ಬಿಸಿಲಿಗೆ ಒಣಗಿಸಿದ ಹಳೆಯ ನೂಲಿನ ಬಟ್ಟೆ, ಕುಂಚಿಗೆ. ಆ ಕುಂಚಿಗೆಯನ್ನು ಗೊಂಬೆಯಿಂದ ಕಿತ್ತುಕೊಳ್ಳಬೇಡಿ, ಅದು ಅವಳದು. ಕೊಟ್ಟರೆ ಅವಳೇ ಕೊಡಲಿ, ಇಲ್ಲವಾದರೆ ಕೂಸಿಗೆ ಬೇರೆ ಹೊಲಿಸಿ.

ಎರಡನೆಯ ಹೆರಿಗೆಯ ನಂತರ ಕೂಸಿಗೆ ಹಾಲೂಡಿಸುವಾಗ ಹೊಟ್ಟೆ ಹಿಂಡುವ ನೋವು ಮೊದಲಿಗಿಂತ ಜೋರಾಗಿರುತ್ತದೆ. ಗರ್ಭಕೋಶ ಮರಳಿ ಕುಗ್ಗುತ್ತಿರುವುದೇ ಕಾರಣ. ಇದನ್ನು ನಿಮ್ಮ ಹೆಂಡತಿಗೆ ಮೊದಲೇ ತಿಳಿಸಿದರೆ ಗಾಬರಿಯಾಗುವುದಿಲ್ಲ. ಅವ್ವ ಕಟ್ಟುವ ಅಂಟಿನ ಉಂಡೆ ಧಾರಾಳವಾಗಿ ತಿನ್ನಲಿ, ಮಗಳಿಗೂ ಒಂದೊಂದು ಸಿಗಲಿ. ಆದರೆ ಕಬ್ಬಿಣಾಂಶದ ಮಾತ್ರೆ ಬಾಣಂತನದಲ್ಲೂ ಮುಂದುವರಿಯಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಕೂಸಿಗೂ ಬೇಡ, ತಾಯಿಗೂ ಬೇಡ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ, ಹುಟ್ಟಿದ ಒಂದು ತಾಸಿನೊಳಗೆ ಕುಡಿಸಲಿ.

ಉಳಿದದ್ದು ನಿಮ್ಮ ರಜೆ. ಹಂಗಾಮಿನಲ್ಲಿ ರಜೆ ಸಿಗುವುದು ಕಷ್ಟವೆಂದು ಬಲ್ಲೆ. ಆದರೆ ರಾತ್ರಿ ಪಾಳಿಯನ್ನು ಹಗಲಿನವರ ಜೊತೆ ಬದಲಾಯಿಸಿಕೊಳ್ಳಬಹುದು, ಫೋನ್ ಬಂದ ಕ್ಷಣ ನಿಮ್ಮ ಜಾಗಕ್ಕೆ ಯಾರು ನಿಲ್ಲುತ್ತಾರೆ ಎಂದು ಒಬ್ಬರನ್ನು ಗೊತ್ತು ಮಾಡಬಹುದು. ಯಂತ್ರಗಳ ಸದ್ದಿನಲ್ಲಿ ಮೊಬೈಲ್ ಕೇಳಿಸದಿದ್ದರೆ ಗೇಟಿನವರ ನಂಬರನ್ನು ಮನೆಯಲ್ಲಿ ಬರೆದಿಡಿ. ಮೇಲ್ವಿಚಾರಕರ ಹತ್ತಿರ ನಾಳೆಯೇ ಮಾತನಾಡಿ. ಒಪ್ಪದಿದ್ದರೆ ಮತ್ತೊಮ್ಮೆ ಕೇಳಿ.