ಎರಡಡಿ ತೊಟ್ಟಿಗೆ ಆಸ್ಕರ್ ಮತ್ತು ‘ಶಾರ್ಕ್’ ಹಿಡಿಸುವುದಿಲ್ಲ

ನಿಮ್ಮ ಎರಡಡಿ ಗಾಜಿನ ತೊಟ್ಟಿಯಲ್ಲಿ ಎರಡು ಆಸ್ಕರ್ (ದೊಡ್ಡದಾಗಿ ಬೆಳೆಯುವ ಅಲಂಕಾರಿಕ ಮೀನು), ಒಂದು ‘ಶಾರ್ಕ್’ ಇದ್ದು, ಮೂರೂ ನೀರಿನ ಮೇಲ್ಮೈಗೆ ಬಂದು ಏದುಸಿರು ಬಿಡುತ್ತಿವೆ ಎಂದು ಬರೆದಿದ್ದೀರಿ. ರೋಗಕ್ಕಿಂತ ಇಕ್ಕಟ್ಟೇ ಕಾರಣವಿರಬೇಕು. ಸುಮಾರು 55 ಲೀಟರ್ ನೀರಿನಲ್ಲಿ ಅವುಗಳ ಹೊಲಸಿನಿಂದ ಮೀನಿಗೆ ವಿಷವಾದ ಅಮೋನಿಯಾ ಬೇಗ ಏರುತ್ತದೆ. ಪರೀಕ್ಷಿಸದೆ ಖಚಿತವಾಗಿ ಹೇಳಲಾಗದು, ಅಮೋನಿಯಾ ಅಳೆಯುವ ಕಿಟ್ ತಂದು ಇಂದೇ ನೋಡಿ.

ಅದಕ್ಕೂ ಮೊದಲು ಮೂರನೇ ಒಂದು ಭಾಗ ನೀರು ಬದಲಿಸಿ. ಕಾವೇರಿ ನೀರಾದರೆ ಕ್ಲೋರಿನ್ ನಿವಾರಕ ಬೆರೆಸಿಯೇ ತುಂಬಿಸಿ. ಫಿಲ್ಟರಿನ ಸ್ಪಂಜನ್ನು ನಲ್ಲಿಯಡಿ ತೊಳೆಯಬೇಡಿ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಎರಡು ದಿನ ಆಹಾರ ಬೇಡ.

ನಿಮ್ಮ ಶಾರ್ಕ್ ನಿಜವಾಗಿ ಪಂಗಾಸಿಯಸ್, ಊಟಕ್ಕೆಂದು ಹೊಂಡಗಳಲ್ಲಿ ಸಾಕುವ ಮೀನು. ಒಂದು ಮೀಟರ್ ಮೀರಿ ಬೆಳೆಯಬಲ್ಲದು, ಮನೆಯ ತೊಟ್ಟಿ ಅದಕ್ಕಲ್ಲ. ಬೆರಳುದ್ದದ ಮರಿಯನ್ನು ಈ ಮಾತು ಹೇಳದೆ ಮಾರುವುದು ಅನ್ಯಾಯ. ಅಂಗಡಿಗೇ ಮರಳಿಸಿ. ದಯವಿಟ್ಟು ಕೆರೆಗೆ ಮಾತ್ರ ಬಿಡಬೇಡಿ, ಹೊರಗಿನ ಮೀನುಗಳ ಹಾವಳಿಯಿಂದ ನಮ್ಮ ಕೆರೆಗಳು ಈಗಾಗಲೇ ಸೊರಗಿವೆ.

ಆಸ್ಕರ್ ಸುಮಾರು 30 ಸೆಂ.ಮೀ. ಬೆಳೆಯುತ್ತದೆ. ತೊಟ್ಟಿಯ ಉದ್ದದಷ್ಟೇ ಅಗಲವೂ ಮುಖ್ಯ, ಮೀನು ಬಾಲ ಮಡಚದೆ ತಿರುಗಬೇಕು. ಒಂದಕ್ಕೆ 4×1.5×1.5 ಅಡಿ, ಅಂದರೆ ಸುಮಾರು 250 ಲೀಟರ್. ಎರಡಕ್ಕೆ 6×2×2 ಅಡಿ, ಸುಮಾರು 680 ಲೀಟರ್. ಮೂರನೇ ಮಹಡಿಯ ಬಾಡಿಗೆ ಮನೆ ಎಂದಿದ್ದೀರಿ. ಗಾಜು, ಸ್ಟ್ಯಾಂಡ್ ಸೇರಿ ದೊಡ್ಡದು 800 ಕಿಲೋ ದಾಟುತ್ತದೆ, ಮಾಲೀಕರನ್ನೂ ಎಂಜಿನಿಯರನ್ನೂ ಕೇಳದೆ ಇಡಬೇಡಿ. ಒಂದೇ ಆಸ್ಕರ್ ಉಳಿಸಿಕೊಂಡು ನಾಲ್ಕಡಿ ತೊಟ್ಟಿಯನ್ನು ತೊಲೆಯ ಮೇಲೆ ಬರುವಂತೆ ಗೋಡೆಗೆ ಒತ್ತಿ ಇಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ.